ಕೆಂಪಗೆ ಬಂದ ನೀರು

ಮಿರಜ, ಗುರುವಾರ

ಅಣ್ಣನಿಗೆ ಪದ್ಮಜೆಯ ನಮಸ್ಕಾರ.

ಕೆಂಪು ಕಂಡಲ್ಲಿ ಹಬ್ಬ ಎನ್ನುವಂಥ ಸಾಲೊಂದನ್ನು ಎಲ್ಲೋ ಓದಿದ್ದೆ. ಅದು ನಿಜವೇ? ಎಸ್‌ಟಿಡಿ ಬೂತಿನಲ್ಲಿ ಕೂಗಿ ಹೇಳಲಾಗದೆ ಬರೆಯುತ್ತಿದ್ದೇನೆ: ತಂಗಿಯ ಹೊಟ್ಟೆ ತೆರೆದ ಡಾಕ್ಟರು ಏನೂ ಮಾಡಲಾಗದೆ ಹಾಗೇ ಹೊಲಿದರು. ಅವಳು ಗುಣವಾಯಿತೆಂದುಕೊಂಡಿದ್ದಾಳೆ. ಭಾನುವಾರ ಕರೆತರುತ್ತೇನೆ. ಮೆಟ್ಟಿಲು ಹತ್ತಲಾರಳು, ಕೆಳಗಿನ ಕೋಣೆ ತೆರವು ಮಾಡಿಸು.

ಇಂದು ಬಾಡಿಗೆ ಕೋಣೆಗೆ ಮರಳಿದೆವು. ಆಸ್ಪತ್ರೆಯಿಂದ ಬಂದವರಿಗೆಲ್ಲ ಪಕ್ಕದ ಮನೆಯ ಮಂಗಲಾಬಾಯಿ ಆರತಿ ಎತ್ತುತ್ತಾರೆ. ಸಾಂಗ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೀಳುತ್ತಲೇ ಹಳದಿಯೆಲ್ಲ ರಕ್ತಗೆಂಪಾಯಿತು. "ನನ್ನ ಮದುವ್ಯಾಗೂ ಇಷ್ಟು ಕೆಂಪ ಇರಲಿಲ್ಲ" ಎಂದು ತಂಗಿ ನಕ್ಕಳು. ನಾನು ಮುಖ ತಿರುಗಿಸಿದೆ. ಮಂಗಲಾಬಾಯಿಗೆ ಎಲ್ಲ ಗೊತ್ತು. ಬಾಗಿಲಲ್ಲೇ ನನ್ನ ಕಿವಿಯ ಬಳಿ ಅಂದರು: "ಅಳಬ್ಯಾಡ್ರಿ ಅಕ್ಕಾ, ಆಕಿ ನೋಡಾಕತ್ತಾಳ. ನೀರು ಕೆಂಪಗ ಬಂದೈತಿ, ನೀವೂ ನಗ್ರಿ."