ಬಲಗಡೆಯಿಂದ ಓಡಿಬಂದವನು

ಹಗರಿಬೊಮ್ಮನಹಳ್ಳಿ
ಜೂನ್ 2005

ಅರ್ಚನಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ಹೊಸ ವಿಳಾಸವನ್ನು ನಾನು ಕೇಳಿಯೇ ಇರಲಿಲ್ಲ. ಆದರೂ ಒಂದು ಸುದ್ದಿ ಹೇಳಬೇಕು.

ಅಪ್ಪನ ರದ್ದಿ ಅಂಗಡಿಯಲ್ಲಿ ನಾವು ಬಚ್ಚಿಟ್ಟು ನೋಡುತ್ತಿದ್ದ ಎರಡು ಚಿತ್ರಕಥೆ ಪುಸ್ತಕಗಳು ಇನ್ನೂ ಇವೆ. ಅಮೆರಿಕದ ಓಟದ ವೀರ ನನ್ನವನು, ಜಪಾನಿನವನು ನಿನ್ನವನು. ಆ ಜಪಾನಿ ಅಕ್ಷರ ಓದಲು ಬಾರದೆ ಬರೀ ಚಿತ್ರ ನೋಡುತ್ತಿದ್ದೆವು, ನಮ್ಮ ಪುಸ್ತಕಗಳ ಹಾಗೆ ಎಡದಿಂದ. ನನ್ನವನು ಓಡಿದರೆ ಒಂದೇ ಚಿತ್ರದಲ್ಲಿ ಹತ್ತು ಜನರಾಗಿ ಕಾಣುತ್ತಿದ್ದ. ನಿನ್ನವನು ನಿಂತಂತೆಯೇ ಇರುತ್ತಿದ್ದ. ಸುತ್ತಲಿನ ಮನೆ, ಮರಗಳೇ ಗೆರೆಗಳಾಗಿ ಹಾರಿಹೋಗುತ್ತಿದ್ದವು. ಬಸ್ಸಿನ ಕಿಟಕಿಯಿಂದ ಕಂಡ ಹಾಗೆ. ಯಾರು ಜೋರು ಎಂದು ಎಷ್ಟು ಜಗಳವಾಡಿದೆವು!

ನಿಮ್ಮಪ್ಪನಿಗೆ ವರ್ಗವಾದ ವಾರ ನಾನು ಅಂದೆ: "ನಿನ್ನವ ಹೇಡಿ ಅದಾನ. ಬಿದ್ದ ಗೆಳೆಯನ್ನ ಬಿಟ್ಟು ಓಡಿಹೋಗ್ಯಾನ ನೋಡು. ನೀನೂ ಹಂಗ."

"ಲೀಲಾ, ಅವನ ಮುಖ ನೋಡು," ಅಂದೆ ನೀನು. "ಬಿಟ್ಟು ಹೋಗೋನ ಮುಖ ಹಿಂಗಿರತೈತೇನ?"

ನಾನು ನೋಡಲಿಲ್ಲ.

ಇವತ್ತು ನಿನ್ನವನ ಪುಸ್ತಕದ ಕಿತ್ತುಬಂದ ಪುಟಗಳನ್ನು ಹೊಲಿಯುತ್ತಿದ್ದಾಗ ಮೂಲೆಯ ಅಂಕಿಗಳು ಕಣ್ಣಿಗೆ ಬಿದ್ದವು. ನಾವು ಕೊನೆಯದು ಅಂದುಕೊಂಡ ಪುಟವೇ ಮೊದಲನೆಯದು! ಜಪಾನಿನ ಪುಸ್ತಕ ಶುರುವಾಗುವುದೇ ಬಲಗಡೆಯಿಂದ. ಚಿತ್ರಗಳನ್ನೂ ಬಲದಿಂದ ಎಡಕ್ಕೆ ನೋಡುತ್ತಾ ಹೋದೆ. ಅವನು ಎಲ್ಲೋ ದೂರದಿಂದ ಓಡಿ ಓಡಿ ಬರುತ್ತಾನೆ, ಅರ್ಚನಾ. ಕೊನೆಯ ಚಿತ್ರದಲ್ಲಿ ಬಿದ್ದವನ ಕೈ ಹಿಡಿದು ಕೂತಿದ್ದಾನೆ.

ನೀವು ಊರು ಬಿಟ್ಟ ದಿನ ನಿಮ್ಮ ಬಸ್ಸು ಏಳೂವರೆಗೆ ಎಂದು ನನಗೆ ಗೊತ್ತಿತ್ತು. ನಮ್ಮ ಅಂಗಡಿಯಿಂದ ಬಸ್‌ಸ್ಟ್ಯಾಂಡಿಗೆ ಓಡಿದ್ದರೆ ಎರಡು ನಿಮಿಷವೂ ಬೇಕಿರಲಿಲ್ಲ.

ಶಿವಲೀಲಾ