ಪದವಿ ಬಿಟ್ಟ ಮಾವನವರನ್ನು ಕರೆಯುವುದು ಹೇಗೆ?

ಸ್ಟಾಕ್‌ಹೋಮ್, ನವೆಂಬರ್ ೧೪, ೧೮೭೨, ಗುರುವಾರ

ಸಾಕಾಗಿಹೋಗಿದೆ ಈ ಮನೆಯ ಮರ್ಯಾದೆ! ಇಪ್ಪತ್ತು ವರ್ಷ ಪ್ರತಿ ಸುಧಾರಣೆಗೂ ಅಡ್ಡ ನಿಂತ ಮಾವನವರು ನಿನ್ನೆ ಮಂತ್ರಿ ಪದವಿ ಬಿಟ್ಟರು. ಇನ್ನು ಯಾರೂ ‘ಮಂತ್ರಿಗಳೇ’ ಎಂದು ಕರೆಯಕೂಡದಂತೆ. ನಮ್ಮಲ್ಲೋ ಹಿರಿಯರಿಗೆ ‘ನೀವು’ ಎಂದರೂ ಒರಟುತನ, ಹುದ್ದೆಯ ಹೆಸರು ಹಿಡಿದೇ ಮಾತಾಡಿಸಬೇಕು.

ಸಂಜೆ ನನ್ನ ಮಗಳು ಪುಟ್ಟ ಎಬ್ಬಾಳಿಗೆ ಕೆಮ್ಮಿ ಕೆಮ್ಮಿ ಉಸಿರು ಕಟ್ಟಿತು. ವೈದ್ಯರನ್ನು ಕರೆತರಲು ಮಾವನವರ ಸಾರೋಟು ಬೇಕು. ಕೇಳಿಬರಲು ಕಳಿಸಿದ ಕೆಲಸದ ಸ್ಟೀನಾ ಅವರ ಕೋಣೆಯ ಬಾಗಿಲಲ್ಲೇ ನಿಂತಿದ್ದಳು.

“ಏನಂತ ಕರೀಲಿ ಅಮ್ಮಾ?”

ನಾನೇ ಒಳನುಗ್ಗಿದೆ. “ನೀವು! ಸಾರೋಟು ಕೊಡ್ತೀರೋ, ಮಗು ಸಾಯ್ಲೋ?”

ಅವರ ಮುಖ ಕೆಂಪಾಯಿತು. ಆದರೂ ತಾವೇ ಹೋಗಿ ವೈದ್ಯರನ್ನು ಕರೆತಂದರು.

ಈಗ ಮಗು ಸಲೀಸಾಗಿ ಉಸಿರಾಡುತ್ತಿದೆ. ಸ್ವಲ್ಪ ಮುಂಚೆ ಮಾವನವರು ಬಾಗಿಲು ತಟ್ಟಿ ಮೆಲ್ಲಗೆ ಕೇಳಿದರು: “ಅಜ್ಜ ಒಳಗೆ ಬರಬಹುದಾ?”

ಇಷ್ಟು ಸುಲಭದ ಪದವಿ ಈ ಮನುಷ್ಯನಿಗೆ ನಿನ್ನೆಯೇ ಹೊಳೆಯಬಾರದಿತ್ತೇ!