ಈ ಸಲ ಮನೆಯಲ್ಲಿ ಬರೆಯುವುದಿಲ್ಲ

ಜಂಗಮಕೋಟೆ
15 ಜೂನ್ 2025, ಭಾನುವಾರ

ಪ್ರೀತಿಯ ಸುನಿಯಣ್ಣನಿಗೆ,

ನಿನ್ನ ತಂಗಿ ಶಿರೀಷಾಳ ನಮಸ್ಕಾರ. ಹೇಗಿದ್ದೀಯ? ಕೈ ನಡುಕ ಪೂರ್ತಿ ನಿಂತಿತೇ? ಹೋದ ಕಾಗದದಲ್ಲಿ ನಿನ್ನ ಅಕ್ಷರ ಮೊದಲಿನ ಹಾಗೆ ದುಂಡಗೆ ಬಂದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ತಾನೇ ಓದುತ್ತೇನೆಂದು ಕೂತಳು, ಓದಿದ್ದನ್ನೇ ಮತ್ತೆ ಓದಿದಳು. ಅಲ್ಲಿ ಮುದ್ದೆ ಕಲ್ಲಿನ ಹಾಗಿರುತ್ತದೆ, ಸಾರಿಗೆ ಉಪ್ಪು ಹಾಕುವುದನ್ನೇ ಮರೆಯುತ್ತಾರೆ ಎಂದು ಬರೆದಿದ್ದೆಯಲ್ಲ, ಊಟದ ಮೇಲೆ ದೂರು ಹೇಳುವಷ್ಟು ಹಸಿವು ಬಂತಲ್ಲ ಎಂದು ನನಗೆ ಖುಷಿಯೇ ಆಯಿತು. ಆ ಕೇಂದ್ರದಲ್ಲಿ ಫೋನ್ ಕೊಡುವುದಿಲ್ಲ ಎಂದಾಗ ಅಮ್ಮ ಅತ್ತಿದ್ದಳು. ಈಗ ಕಾಗದವೇ ವಾಸಿ, ಫೋನಿನಲ್ಲಿ ಇವನು ಇಷ್ಟು ಮಾತಾಡುತ್ತಿದ್ದನೇ ಎನ್ನುತ್ತಾಳೆ. ಮನೆಗಳಿಂದ ಬಂದ ಕಾಗದಗಳನ್ನು ಕುಡಿತ ಬಿಡಿಸುವ ಆ ಮೇಡಂ ತಾವು ಓದಿಯೇ ನಿಮಗೆ ಕೊಡುತ್ತಾರಂತೆ. ಓದಲಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಇದ್ದದ್ದೇ. ರೇಷ್ಮೆ ಹುಳುಗಳು ಮೂರನೇ ಜ್ವರ ಎದ್ದು, ಪೊರೆ ಬಿಟ್ಟು, ಈಗ ಚೆನ್ನಾಗಿ ಮೇಯುತ್ತಿವೆ, ಹುಳುಮನೆಗೆ ಹೋದರೆ ಮಳೆ ಬಂದ ಹಾಗೆ ಸದ್ದು. ಸೊಪ್ಪು ಕಡಿದು ತರುವುದಕ್ಕೆ ಮುನಿಗಂಗಪ್ಪ ಮಾವ ದಿನಾ ಬರುತ್ತಾನೆ. ತನ್ನ ಅಕ್ಕನ ಕೆಲಸವೆಂದು ಬರುತ್ತಾನೋ, ಅಮ್ಮನ ಕಾಫಿಗೆಂದು ಬರುತ್ತಾನೋ, ಅವನನ್ನೇ ಕೇಳಬೇಕು. ನಿನ್ನ ಟೆಂಪೊಗೆ ಅವನೇ ಟಾರ್ಪಾಲು ಹೊದಿಸಿ ಕಟ್ಟಿದ್ದಾನೆ.

ಈಗ ಪರೀಕ್ಷೆಯ ವಿಷಯ. ಹೋದ ಕಾಗದದ ಕೊನೆಯಲ್ಲಿ ನೀನು ಬರೆದಿದ್ದೆ: ‘ಈ ಸಲಾನೂ ಮನೇಲೇ ಬರಿ ಕಣೇ ಸಿರಿ. ಇಪ್ಪತ್ತೆಂಟಕ್ಕೆ ನನ್ನ ಬಿಡ್ತಾರೆ. ಬಂದ ತಕ್ಷಣ ಒಂದು ಯುಪಿಎಸ್ ತಂದು ಹಾಕ್ತೀನಿ. ನೀನು ಬರೆಯೋವಷ್ಟು ಹೊತ್ತೂ ಗೇಟ್ ಹತ್ರ ನಾನೇ ಕೂತ್ಕೋತೀನಿ, ಒಬ್ಬರನ್ನೂ ಒಳಕ್ಕೆ ಬಿಡಲ್ಲ.’ ಉತ್ತರ ಬರೆಯಲು ಇಷ್ಟು ತಡವಾದದ್ದು ಅದಕ್ಕೇ.

ಚಿಕ್ಕಬಳ್ಳಾಪುರದ ಆಸ್ಪತ್ರೆಯ ಬಿಲ್ಲಿಂಗ್ ಆಫೀಸಿನಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು. ರೋಗಿಗೆ ಬಂದ ಕಾಯಿಲೆ, ಕೊಟ್ಟ ಚಿಕಿತ್ಸೆ ಎಲ್ಲವನ್ನೂ ಕೋಡ್‌ಗೆ ಇಳಿಸಿ ಇನ್ಶೂರೆನ್ಸಿನವರಿಗೆ ಕಳಿಸುವುದು. ಇದಕ್ಕೊಂದು ಸರ್ಟಿಫಿಕೇಟ್ ಪರೀಕ್ಷೆ ಇದೆ. ಈ ತಿಂಗಳೊಳಗೆ ಅದು ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ನನಗೆ ಉಳಿದಿರುವುದು ಒಂದೇ ಅವಕಾಶ. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯಬಹುದು, ಇಲ್ಲವೇ ಬೆಂಗಳೂರಿನ ಸೆಂಟರಿಗೆ ಹೋಗಿ ಬರೆಯಬಹುದು. ಮನೆಯೆಂದರೆ ನಮ್ಮಿಷ್ಟದಂತೆ ಕೂರುವುದಲ್ಲ. ಮೊದಲು ಕ್ಯಾಮೆರಾವನ್ನು ಕೋಣೆಯ ಮೂಲೆ ಮೂಲೆಗೂ ತಿರುಗಿಸಿ ತೋರಿಸಬೇಕು, ಮೇಜಿನ ಕೆಳಗೆ ಕೂಡ. ಆಮೇಲೆ ಯಾರೋ ಒಬ್ಬರು ಎಲ್ಲಿಂದಲೋ ನಮ್ಮನ್ನೇ ನೋಡುತ್ತಿರುತ್ತಾರೆ. ಇನ್ನೊಬ್ಬರ ಮುಖ ಕಂಡರೆ, ಇನ್ನೊಬ್ಬರ ದನಿ ಕೇಳಿದರೆ ಅಲ್ಲಿಗೆ ಮುಗಿಯಿತು.

ಅಣ್ಣ, ಫೆಬ್ರವರಿಯಲ್ಲಿ ನಾನು ಪರೀಕ್ಷೆ ಬರೆದ ದಿನ ಕರೆಂಟು ಹೋಗಿರಲಿಲ್ಲ.

ಅಮ್ಮ ಹಾಗೆ ಹೇಳಿದಳು, ನೀನು ನಂಬಿದೆ. ಅವತ್ತು ಟೊಮೆಟೊ ಇಳಿಸಲು ಚಿಂತಾಮಣಿ ಮಾರ್ಕೆಟ್ಟಿಗೆ ಹೋಗಿದ್ದವನು ಮಧ್ಯಾಹ್ನವೇ ವಾಪಸು ಬಂದೆ. ನಾನು ನಡುಮನೆಯ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದೆ, ಚೆನ್ನಾಗಿಯೇ ಹೋಗುತ್ತಿತ್ತು. ಹೊರಗೆ ಅಮ್ಮ ‘ಮೆತ್ತಗೆ ಕಣಪ್ಪ, ಮೆತ್ತಗೆ’ ಎನ್ನುವುದು ಕೇಳಿಸಿತು. ಆಮೇಲೆ ನೀನು ‘ನನ್ ಮನೇಲಿ ನನಗೇ ಬಾಗಿಲು ಹಾಕ್ತೀರಾ’ ಎಂದು ಒದ್ದೆ. ಅಮ್ಮ ನಿನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳಂತೆ, ಆಮೇಲೆ ಹೇಳಿದಳು. ಚಿಲಕ ಕಿತ್ತುಬಂತು. ನೀನು ಬಂದು ನನ್ನ ಕುರ್ಚಿ ಹಿಡಿದು ನಿಂತು, ಪರದೆಯ ಮೇಲಿದ್ದ ನನ್ನದೇ ಮುಖದ ಪಕ್ಕ ನಿನ್ನ ಮುಖ ಕಂಡು, ‘ಯಾರೋ ಇವನು’ ಎಂದು ಕೇಳಿದೆ. ಆ ಕಡೆಯವರು ನನ್ನ ಹೆಸರು ಹಿಡಿದು ಕರೆದು, ಪರೀಕ್ಷೆ ನಿಲ್ಲಿಸಲಾಗಿದೆ ಎಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು. ನೀನು ಅಲ್ಲೇ ನೆಲದ ಮೇಲೆ ಮಲಗಿದೆ. ನಾನು ಲ್ಯಾಪ್‌ಟಾಪ್ ಮುಚ್ಚಿ, ನಿನ್ನ ತಲೆಯ ಕೆಳಗೆ ದಿಂಬು ಇಟ್ಟೆ. ಯಾಕೆ ಇಟ್ಟೆನೋ ಗೊತ್ತಿಲ್ಲ, ನಿನ್ನ ಮೇಲೆ ಸಿಟ್ಟೇ ಇತ್ತು.

ಮಾರನೇ ದಿನ ಬೆಳಿಗ್ಗೆ ‘ಎಕ್ಸಾಮ್ ಹೆಂಗಾಯ್ತಮ್ಮ’ ಎಂದು ನೀನೇ ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅಡುಗೆಮನೆಯಿಂದ ‘ಕರೆಂಟು ಹೋಯ್ತಪ್ಪ’ ಅಂದಳು. ನೀನು ತಿಂಡಿ ಬಿಟ್ಟು ಎದ್ದು ಹೋಗಿ ಲೈನ್‌ಮನ್ ಕೋನಪ್ಪನನ್ನು ಬೈದು ಬಂದೆ. ಪಾಪ, ಆಯಪ್ಪ ಈಗಲೂ ನನ್ನನ್ನು ಕಂಡರೆ ‘ಅವತ್ತು ಲೈನ್ ಇತ್ತು ಕಣಮ್ಮ’ ಎನ್ನುತ್ತಾನೆ.

ಇದನ್ನು ನಿನಗೆ ಬರೆಯುತ್ತೇನೆ ಎಂದಾಗ ಅಮ್ಮ ಒಪ್ಪಲಿಲ್ಲ. ‘ಈಗ್ತಾನೆ ಸುಧಾರಿಸ್ಕೊಂಡಿದಾನೆ, ಬರೀಬೇಡ ಕಣೇ’ ಎಂದಳು. ಆದರೆ ಹೋದ ಸಲ ನಿನ್ನನ್ನು ನೋಡಲು ಬಂದಿದ್ದಾಗ ನಿಮ್ಮ ಮೇಡಂ ಅವಳಿಗೆ ಒಂದು ಮಾತು ಹೇಳಿದ್ದರು. ‘ಏನಾಯ್ತು ಅಂತಾನೇ ಗೊತ್ತಿಲ್ದಿದ್ರೆ ಅವರು ಹೇಗಮ್ಮ ತಿದ್ಕೋತಾರೆ’ ಅಂತ. ಅದನ್ನು ನೆನಪಿಸಿದೆ.

ಪರೀಕ್ಷೆ ಎಲ್ಲಿ ಬರೆಯುವುದೆಂಬುದಕ್ಕೆ ಅಮ್ಮನಿಗೂ ನನಗೂ ಒಂದು ವಾರ ಜಗಳ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಸಾಬ್ರೀನ್, ಶಿಡ್ಲಘಟ್ಟದಿಂದ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಾಳಲ್ಲ, ಅವಳು ಸೆಂಟರಿನಲ್ಲೇ ಬರೆದು ಪಾಸಾದವಳು. ‘ಅಲ್ಲಿ ಯಾರಾದ್ರೂ ಕೆಮ್ಮಿದ್ರೆ ಅದು ಅವರ ಕೆಮ್ಮು ಕಣೇ. ನಿನ್ನ ತಲೆಗೆ ಬರಲ್ಲ’ ಎಂದಳು. ಅಮ್ಮನದು ಬೇರೆಯೇ ಲೆಕ್ಕ. ‘ಅವನೇ ಕಾಯ್ತೀನಿ ಅಂತ ಬರ್ದಿದಾನೆ. ಈಗ ನೀನು ಬೆಂಗಳೂರಿಗೆ ಹೋದ್ರೆ ಅವನಿಗೆ ಏನನ್ನಿಸ್ತದೆ? ನನ್ನ ತಂಗೀಗೇ ನನ್ನ ಮೇಲೆ ನಂಬಿಕೆ ಇಲ್ಲ ಅನ್ಕೋತಾನೆ.’ ಅವಳ ಮಾತಿಗೆ ಕಟ್ಟುಬಿದ್ದು ಮನೆಯಲ್ಲೇ ಬರೆಯೋಣ ಎಂದು ಮನಸ್ಸು ಮಾಡಿ, ಹೋದ ಭಾನುವಾರ ಒಂದು ಮಾದರಿ ಪರೀಕ್ಷೆ ಇಟ್ಟುಕೊಂಡೆ. ಅದೇ ಕೋಣೆ, ಅದೇ ಕುರ್ಚಿ, ಹೊಸ ಚಿಲಕ. ಅಮ್ಮ ಜಗಲಿಯಲ್ಲಿ ಕೂತಳು. ಮಾವ ಹಸುವನ್ನು ತೋಟದಲ್ಲಿ ಕಟ್ಟಿ ಬಂದ. ಬೀದಿಯಲ್ಲಿ ಒಂದು ಗಾಡಿಯೂ ಹೋಗಲಿಲ್ಲ, ಯಾರೂ ಬಾಗಿಲು ತಟ್ಟಲಿಲ್ಲ. ಆದರೂ ಅರ್ಧ ಪ್ರಶ್ನೆಗಳು ಹಾಗೇ ಉಳಿದುಬಿಟ್ಟವು. ಗೊತ್ತಿದ್ದ ಕೋಡ್‌ಗಳೇ ತಪ್ಪಿದವು. ಕಣ್ಣು ಪರದೆಯ ಮೇಲಿತ್ತು, ಕಿವಿ ಮಾತ್ರ ಬಾಗಿಲ ಹತ್ತಿರವೇ ಇತ್ತು. ಏನೂ ಸದ್ದಿಲ್ಲದಿದ್ದಾಗ ಇನ್ನೂ ಜಾಸ್ತಿ ಕೇಳಿಸಿಕೊಳ್ಳುತ್ತಿದ್ದೆ. ನೀನು ಊರಲ್ಲೇ ಇಲ್ಲ, ಗೌರಿಬಿದನೂರಿನ ಆಚೆ ಇದ್ದೀಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕಿವಿ ಅಲ್ಲಿಂದ ಕದಲಲಿಲ್ಲ.

ಹೊರಗೆ ಬಂದಾಗ ಅಮ್ಮ ‘ನೋಡು, ಒಂದು ಸದ್ದಾದ್ರೂ ಆಯ್ತಾ’ ಎಂದಳು. ನಾನು ‘ಆಗಲಿಲ್ಲಮ್ಮ’ ಎಂದು, ಆ ಕ್ಷಣವೇ ಬೆಂಗಳೂರಿನ ಸೆಂಟರಿಗೆ ಬುಕ್ ಮಾಡಿದೆ.

ಇದನ್ನು ಸರಿಯಾಗಿ ತಿಳಿದುಕೋ ಅಣ್ಣ. ನೀನು ಗೇಟಿನ ಹತ್ತಿರ ಕೂರುತ್ತೀಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನೀನು ಕೂತಿದ್ದೀಯೋ, ಎದ್ದು ಹೋದೆಯೋ ಎಂದು ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಲೇ ಇರುತ್ತೇನೆ. ನನ್ನ ತಪ್ಪಿನಿಂದಲೇ ಫೇಲಾದರೂ ಎಲ್ಲರೂ ನಿನ್ನ ಮುಖ ನೋಡುತ್ತಾರೆ. ನಾನೂ ನೋಡಿಬಿಡುತ್ತೇನೇನೋ ಎಂದು ನನಗೆ ಭಯ. ಮನೆಗೆ ಬಂದ ಎರಡು ದಿನಕ್ಕೇ ನಿನ್ನ ತಲೆಯ ಮೇಲೆ ಅಷ್ಟು ಭಾರ ಇಡುವುದು ಬೇಡ. ಫೇಲಾದರೆ ನಾನು ಫೇಲಾಗುತ್ತೇನೆ, ಅಷ್ಟೇ. ನೀನು ನಿನ್ನ ಪಾಡಿಗೆ ಮುದ್ದೆ ಉಂಡು, ಟೆಂಪೊ ತೊಳೆದುಕೊಂಡು, ರೇಡಿಯೊ ಜೋರಾಗಿ ಹಾಕಿಕೊಂಡು ಮನೆಯಲ್ಲಿರು. ಸದ್ದು ಮಾಡಿಕೊಂಡು ಇರು.

ಬುಕ್ ಮಾಡಿದೆ ಎಂದಾಗ ಅಮ್ಮ ಎದ್ದು ಹುಳುಮನೆಗೆ ಹೋದಳು. ಊಟಕ್ಕೆ ಬಡಿಸುವಾಗ, ‘ಹೋಗೋ ದಿನ ಚಿತ್ರಾನ್ನ ಕಟ್ಕೊಡ್ತೀನಿ, ಬೆಂಗಳೂರಲ್ಲಿ ಕಂಡಿದ್ದೆಲ್ಲ ತಿನ್ಬೇಡ’ ಎಂದಳು. ಅವಳ ಒಪ್ಪಿಗೆ ಯಾವಾಗಲೂ ಹೀಗೇ ತಾನೇ.

ಮಾತ್ರೆ ತಪ್ಪಿಸಬೇಡ. ನಿನ್ನ ಕೋಣೆಯ ಆ ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳು. ಅಮ್ಮ ನಿನಗೆ ಆಶೀರ್ವಾದ ಬರೆ ಎಂದು ಹೊಸಿಲಲ್ಲಿ ನಿಂತೇ ಹೇಳುತ್ತಿದ್ದಾಳೆ, ಮಾವ ನೆನಪು ತಿಳಿಸಿದ್ದಾನೆ. ಇದನ್ನು ಓದಿ ಕೋಪ ಬಂದರೆ ಕೋಪ ಮಾಡಿಕೋ, ಆದರೆ ಉತ್ತರ ಬರೆ.

ನಿನ್ನ ತಂಗಿ,
ಸಿರಿ

ಮರೆತ ಮಾತು: ಸೆಂಟರಿನಲ್ಲಿ ಉಳಿದಿದ್ದದ್ದು ಒಂದೇ ದಿನ, 28ನೇ ತಾರೀಖು ಶನಿವಾರ. ನಿನ್ನನ್ನು ಬಿಡುವ ದಿನವೇ. ನನಗೆ ಕರೆದುಕೊಂಡು ಹೋಗಲು ಬರಲಾಗುವುದಿಲ್ಲ. ಅಮ್ಮ, ಮಾವ ಇಬ್ಬರೂ ಅವತ್ತು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಗಡಿಬಿಡಿಯಲ್ಲಿರುತ್ತಾರೆ. ಯಾರಾದರೂ ಬರುವವರೆಗೆ ಇನ್ನೆರಡು ದಿನ ಅಲ್ಲೇ ಇರು ಎಂದು ಬರೆಯಲು ಅಮ್ಮ ಹೇಳಿದ್ದಾಳೆ. ನಾನು ಹಾಗೆ ಬರೆಯುವುದಿಲ್ಲ. ಶನಿವಾರವೇ ಹೊರಡು, ಒಬ್ಬನೇ ಬಾ. ಗೌರಿಬಿದನೂರಿನಲ್ಲಿ ಬಸ್ ಹತ್ತಿ ಚಿಕ್ಕಬಳ್ಳಾಪುರದಲ್ಲಿ ಇಳಿ. ನನಗೆ ಬೆಂಗಳೂರಿನಿಂದ ನಮ್ಮ ಪಕ್ಕದ ವಿಜಯಪುರದ ಮೇಲೆ ಬಂದರೆ ಊರು ಹತ್ತಿರ, ಆದರೂ ಸುತ್ತು ಹಾಕಿಕೊಂಡು ಸಂಜೆ ಚಿಕ್ಕಬಳ್ಳಾಪುರಕ್ಕೇ ಬರುತ್ತೇನೆ. ಶಿಡ್ಲಘಟ್ಟದ ಬಸ್ಸುಗಳು ನಿಲ್ಲುವ ಕಡೆ ಇರು, ಜೊತೆಗೆ ಮನೆಗೆ ಹೋಗೋಣ. ಕೊನೆಯ ಬಸ್ಸಿನವರೆಗೂ ಕಾಯುತ್ತೇನೆ. ಬೇರೆಲ್ಲೂ ಹುಡುಕಿಕೊಂಡು ಬರುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ಪಾಸೋ ಫೇಲೋ ಗೊತ್ತಾಗಿಬಿಡುತ್ತದೆ, ಆದರೆ ಅಮ್ಮನಿಗೂ ಫೋನ್ ಮಾಡುವುದಿಲ್ಲ. ಮೊದಲು ನಿನಗೆ ಹೇಳಬೇಕು.